ಕೀವಿಗೆ ಮುಹೂರ್ತ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ವಾರಿಜಕ್ಕ ಬೇಲಿಯಾಚೆಯಿಂದ ಎರಡು ಮುಷ್ಟಿ ಮಲ್ಲಿಗೆ ಕೇಳಿದರು. ಬಾಣಂತಿ ಮಗಳ ಮೊಲೆ ಕೆಂಪಾಗಿ ಗಟ್ಟಿಯಾಗಿದೆಯಂತೆ, ಜ್ವರವಂತೆ. ಹೂ ಕಟ್ಟಿದರೆ ಹಾಲು ಬತ್ತಿ ಬಾವು ಇಳಿಯುತ್ತದಂತೆ. ಗಿಡಕ್ಕೆ ಚಾಚಿದ ನನ್ನ ಕೈ ಅಲ್ಲೇ ನಿಂತಿತು.

ನಿಮಗೆ ಮಲ್ಲಿಗೆಯೆಂದರೆ ಮುಡಿ, ಮದುವೆಮನೆ. ನನಗೆ ನನ್ನ ಎಡಮೊಲೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಬೋಳಾರದ ಮನೆಯಿಂದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ, ಮದುವೆಯಾಗದ ನನಗೆ ಆ ಮೊಲೆಯಲ್ಲಿ ಕೀವು ತುಂಬಿತು. ಕೊಯ್ದರು, ಮಾಯಿತು, ಮತ್ತೆ ತುಂಬಿತು. ದೊಡ್ಡಮ್ಮ ನನಗೂ ಮಲ್ಲಿಗೆ ಕಟ್ಟಿದರು, ಇಲ್ಲದ ಹಾಲನ್ನು ಬತ್ತಿಸಲು! ಬೆವರಿನಲ್ಲಿ ಬಾಡಿದ ಆ ವಾಸನೆ ಹೊತ್ತುಕೊಂಡೇ ಮಕ್ಕಳಿಗೆ ಭಿನ್ನರಾಶಿ ಕಲಿಸಿದೆ.

ಮೊದಲ ಡಾಕ್ಟರು ಕೇಳಿದರು: “ಮಗುವಿಗೆ ಎಷ್ಟು ತಿಂಗಳು?”

“ಮಗು ಇಲ್ಲ. ಮದುವೆಯೂ ಇಲ್ಲ.”

“ಹೆದರಬೇಡ, ನಿಜ ಹೇಳು.”

ನಾನು ಎದ್ದು ಹೊರಟೆನೆಂದು ನನ್ನ ನೆನಪು. ಕೂತಲ್ಲೇ ಅತ್ತೆನೆಂದು ಅಮ್ಮನ ನೆನಪು. ಯಾರದು ಹೆಚ್ಚು ಅನುಕೂಲದ್ದೆಂದು ನೀವೇ ಊಹಿಸಿ.

ಇನ್ನೊಂದು ಆಸ್ಪತ್ರೆಯ ಹೆಂಗಸು ಸರ್ಜನ್ ಮಾತ್ರ ನೇರ ಹೇಳಿದರು: “ಮೇಲಿಂದ ಕೊಯ್ದರೆ ಬರ್ತಾನೇ ಇರ್ತದೆ. ಒಳಗಿನ ಕೆಟ್ಟ ಹಾಲಿನ ನಾಳ ತೆಗೀಬೇಕು. ಆಮೇಲೆ ಆ ಬದಿಯಿಂದ ಹಾಲು ಕೊಡ್ಲಿಕ್ಕೆ ಆಗ್ಲಿಕ್ಕಿಲ್ಲ.”

ಕಾವೂರಿನಿಂದ ಒಂದು ಸಂಬಂಧ ಬರುವುದರಲ್ಲಿತ್ತು. ಮನೆ ಮುಟ್ಟಿದ್ದೇ, ಜೊತೆಗೆ ಬಂದಿದ್ದ ಅಮ್ಮ ಶುರು ಮಾಡಿದರು.

“ಮದುವೆ ಆಗಲಿ, ಆಮೇಲೆ ಮಾಡಿಸುವ. ಅವರು ಕೇಳಿದ್ರೆ ನಾನು ಎಂತ ಹೇಳ್ಲಿ?”

“ಕೀವಿಗೂ ಮುಹೂರ್ತ ನೋಡ್ಲಿಕ್ಕುಂಟಾ ಅಮ್ಮ?”

“ನಾಳೆ ಮಕ್ಕಳಿಗೆ ಹಾಲು?”

“ಬಲದ್ದು ಉಂಟಲ್ಲ.”

“ಇವಳ ಬಾಯಿಗೂ ಹೂ ಕಟ್ಟಬೇಕು ಮಾರಾಯ್ತಿ!” ಎಂದು ಅಮ್ಮನಿಗೆ ಹೇಳಿದ ದೊಡ್ಡಮ್ಮ ತಾವೇ ನಕ್ಕುಬಿಟ್ಟರು.

ಮುಂದಿನ ವಾರ ಒಬ್ಬಳೇ ಹೋಗಿ ಸಹಿ ಹಾಕಿ ಮಲಗಿದೆ. ಧೈರ್ಯ ಎಂದು ಬರೆದರೆ ಚೆಂದ ಕಾಣುತ್ತದೆ. ನೋವು ಸಾಕಾಗಿತ್ತು, ಅಷ್ಟೆ. ಸಂಬಂಧ ಬರಲಿಲ್ಲ. ಕೀವೂ ಮತ್ತೆ ಬರಲಿಲ್ಲ.

“ಹೂ ಕೊಡ್ತೀರಾ ಇಲ್ವಾ ಟೀಚರ್?” ವಾರಿಜಕ್ಕ ಇನ್ನೂ ಕಾಯುತ್ತಿದ್ದರು.

“ಇಲ್ಲ. ಮಗಳನ್ನು ಹೊರಡಿಸಿ, ಆಸ್ಪತ್ರೆಗೆ ನಾನೂ ಬರ್ತೇನೆ.”

“ಬಾಣಂತಿಯನ್ನು ಹೊರಗೆ ಕರ್ಕೊಂಡು ಹೋಗುವುದಾ? ಜನ ಎಂತ ಹೇಳ್ತಾರೆ?”

“ನನ್ನ ಹತ್ತಿರ ಬಂದು ಹೇಳ್ಲಿ.”

ಚಪ್ಪಲಿ ಮೆಟ್ಟಿ ರಸ್ತೆಗೆ ಹೋಗಿ ರಿಕ್ಷಾ ಕರೆತಂದೆ. ವಾರಿಜಕ್ಕ ಇನ್ನೂ ಗೊಣಗುತ್ತಲೇ ಇದ್ದರು. ಆ ಹುಡುಗಿ ಮಾತ್ರ, ಮಗುವನ್ನು ಬಲಗಡೆಗೆ ಒತ್ತಿಕೊಂಡು, ಆಗಲೇ ಗೇಟಿನ ಹೊರಗೆ ನಿಂತಿದ್ದಳು.