ಜೆಫ್ವಾನ ಅಂಡವಾಯು, ಕಲೋಲೆನಿಯ ಕುಡುಕರು

ಕಲೋಲೆನಿಯ ಸುತ್ತಮುತ್ತ ಜೆಫ್ವಾನಷ್ಟು ಚೆನ್ನಾಗಿ ತೆಂಗಿನ ಕಳ್ಳು ಇಳಿಸುವವನು ಇನ್ನೊಬ್ಬನಿರಲಿಲ್ಲ. ನಲವತ್ತೈದು ದಾಟುತ್ತಲೇ ಅವನಿಗೆ ಅಂಡದಲ್ಲಿ ನೀರು ತುಂಬಿ ಊದುವ ಅಂಡವಾಯು ಶುರುವಾಯಿತು. ನಿಂಬೆಹಣ್ಣಿನಷ್ಟಿದ್ದದ್ದು ಏಳು ವರ್ಷದಲ್ಲಿ ಪಪ್ಪಾಯಿಯಷ್ಟಾಯಿತು. ಮರ ಹತ್ತುವುದಿರಲಿ, ಹೊಸಿಲು ದಾಟುವುದೇ ಕಷ್ಟವಾಯಿತು. ದೊಡ್ಡ ಪಂಚೆ ಸುತ್ತಿಕೊಂಡು, ಯಾರಿಗೂ ಗೊತ್ತಿಲ್ಲವೆಂದು ನಂಬಿಕೊಂಡಿದ್ದ. ಗೊತ್ತಿಲ್ಲದವರು ಯಾರೂ ಇರಲಿಲ್ಲ. ಊರ ಮಕ್ಕಳಿಗೆ ಅವನ ನಡಿಗೆಯೇ ಒಂದು ಆಟವಾಗಿತ್ತು.

ಮರಗಳನ್ನು ಹೆಂಡತಿಯ ತಮ್ಮ ಕೆಂಗಾನಿಗೆ ವಹಿಸಿದ. ಕೆಂಗಾ ಹತ್ತುವುದೇನೋ ಹತ್ತುತ್ತಿದ್ದ. ಇಳಿದ ಮೇಲೆ ಕಳ್ಳಿಗೆ ಧಾರಾಳವಾಗಿ ನೀರು ಬೆರೆಸುತ್ತಿದ್ದ. ಕುಡಿಯುವವರು ಬಂದು ಕೂರುತ್ತಿದ್ದದ್ದು ಜೆಫ್ವಾನ ಅಂಗಳದಲ್ಲೇ.

"ಇದನ್ನ ಕುಡಿದು ನಶೆ ಏರೋ ಹೊತ್ತಿಗೆ ನನಗೆ ಮುಪ್ಪು ಬಂದಿರುತ್ತೆ ಕಣಯ್ಯ," ಎನ್ನುತ್ತಿದ್ದ ಲಾರಿ ಡ್ರೈವರ್ ಥೋಯಾ.

ಆಪರೇಷನ್ನಿಗೆ ಜೆಫ್ವಾನ ಕೈಯಲ್ಲಿ ದುಡ್ಡಿರಲಿಲ್ಲ. ಒಂದು ದಿನ ಆಸ್ಪತ್ರೆಯಿಂದ ಸೀದಿ ಎಂಬ ಹುಡುಗಿ ಮನೆಗೆ ಬಂದಳು.

"ಯಜಮಾನ್ರೇ, ನಿಮ್ಮ ಫೋಟೊ, ನಿಮ್ಮ ಕತೆ ಇಂಟರ್‌ನೆಟ್ಟಿಗೆ ಹಾಕ್ತೀವಿ. ಎಲ್ಲೆಲ್ಲಿಯ ಜನವೋ ಅಷ್ಟಿಷ್ಟು ಕೊಡ್ತಾರೆ. ಪೂರ್ತಿ ಆದ ದಿನ ಆಪರೇಷನ್."

ಜೆಫ್ವಾ ಪಂಚೆ ಬಿಗಿಹಿಡಿದ. "ಯಾವುದರ ಫೋಟೊ?"

"ಮುಖದ್ದು ಮಾರಾಯ," ಎಂದಳು ಹೆಂಡತಿ ನ್ಯೇವು. "ಅದನ್ನ ನೋಡಿ ಯಾರು ದುಡ್ಡು ಕೊಡ್ತಾರೆ?"

ಕೆಲಸ ಏನೆಂದು ಬರೆಯಲಿ ಎಂದು ಸೀದಿ ಕೇಳಿದಳು. ಕಳ್ಳು ಇಳಿಸುವುದು ಎಂದ. ಅವಳು ತಡೆದಳು. "ಕೊಡೋರಲ್ಲಿ ಚರ್ಚಿನೋರೇ ಜಾಸ್ತಿ. ತೆಂಗು ಬೆಳೆಗಾರ ಅಂತ ಹಾಕಲಾ?"

"ಬೆಳೆಸೋನು ದೇವರು ಮಗಳೇ. ನಾನು ಬರೀ ಇಳಿಸೋನು."

ಆದರೂ ಅವಳು ತೆಂಗು ಬೆಳೆಗಾರ ಎಂದೇ ಬರೆದಳು. ಕಾಯಿಲೆಯ ಜಾಗದಲ್ಲಿ ಮರ್ಯಾದೆಯಾಗಿ 'ಊತ' ಎಂದಳು. ಮೂರು ವಾರ ಕಳೆದರೂ ಬೇಕಾದ ದುಡ್ಡಿನಲ್ಲಿ ನೂರಕ್ಕೆ ಹನ್ನೊಂದರಷ್ಟು ಕೂಡ ತುಂಬಲಿಲ್ಲ. ಅವನದರ ಜೊತೆಗೇ ಹಾಕಿದ್ದ ಸೀಳುತುಟಿಯ ಮಗುವಿನದು ಅಂದು ಮಧ್ಯಾಹ್ನದೊಳಗೇ ಪೂರ್ತಿಯಾಗಿತ್ತು.

ಜೆಫ್ವಾ ಬಾಡಿಗೆ ಬೈಕಿನ ಹಿಂದಿನ ಸೀಟಿನಲ್ಲಿ ಹೆಂಗಸರ ಹಾಗೆ ಅಡ್ಡ ಕೂತು ಆಸ್ಪತ್ರೆಗೆ ಹೋದ.

"ಆ ಮಗು ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅದರ ಕಷ್ಟ ಮುಖದಲ್ಲಿದೆ, ನಂದು ಪಂಚೆ ಒಳಗಿದೆ. ಊತ ಅಂದ್ರೆ ಜನ ಹೆಬ್ಬೆರಳು ಊದಿದೆ ಅಂದ್ಕೊಂಡಿರ್ತಾರೆ. ಇದ್ದದ್ದು ಇದ್ದ ಹಾಗೆ ಬರಿ."

ಅವನು ಹೇಳುತ್ತಾ ಹೋದ. ಸೀದಿ ಕಿಟಕಿಯ ಕಡೆ ಮುಖ ತಿರುಗಿಸಿ ನಗು ನುಂಗಿಕೊಂಡು ಬರೆದಳು. "ನಾನು ಜೆಫ್ವಾ. ಕಳ್ಳು ಇಳಿಸುತ್ತೇನೆ, ಸಂಜೆ ಎರಡು ಲೋಟ ನಾನೂ ಕುಡಿಯುತ್ತೇನೆ. ನನ್ನ ಅಂಡ ಪಪ್ಪಾಯಿಯಷ್ಟಾಗಿದೆ. ಊರು ನಗುತ್ತದೆ, ನನಗೂ ಒಮ್ಮೊಮ್ಮೆ ನಗು ಬರುತ್ತದೆ." ಕೊನೆಗೆ ಇನ್ನೊಂದು ಸಾಲು ಸೇರಿಸಿದ: "ಏಳು ವರ್ಷದಿಂದ ನಾಚಿಕೆಗೆ ಹೆಂಡತಿಯ ಪಕ್ಕ ಮಲಗಿಲ್ಲ."

ಸೀದಿಯ ನಗು ನಿಂತಿತು. ಅದನ್ನೂ ಬರೆದಳು.

ವಾರದಲ್ಲಿ ಅರ್ಧ ತುಂಬಿತು, ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಥೋಯಾನ ಫೋನಿಗೆ ಆ ಪುಟ ಸಿಕ್ಕಿ, ಅವನು ತುಂಬಿದ ಅಂಗಳದಲ್ಲಿ ಗಟ್ಟಿಯಾಗಿ ಓದಿದ. ಪಪ್ಪಾಯಿಯ ಮಾತಿಗೆ ಒಬ್ಬನ ಮೂಗಿನಿಂದ ಕಳ್ಳು ಬಂತು. ಜೆಫ್ವಾ ಎದ್ದು ಓಡಬೇಕೆಂದರೂ ಓಡುವ ಸ್ಥಿತಿಯಲ್ಲಿರಲಿಲ್ಲ. ಕೊನೆಯ ಸಾಲಿಗೆ ಬಂದಾಗ ನಗುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು.

ಥೋಯಾ ಫೋನು ಎತ್ತಿ ಹಿಡಿದ. "ನೋಡ್ರಪ್ಪಾ, ಗುರುತು ಪರಿಚಯ ಇಲ್ಲದೋರು ಇವನ ಬಲಗಡೇದಕ್ಕೆ ಕೊಟ್ಟವ್ರೆ. ಎಡಗಡೇದು ನಮ್ಮ ಪಾಲು. ಇಲ್ದಿದ್ರೆ ಸಾಯೋವರೆಗೂ ಕೆಂಗಾನ ನೀರೇ ಗತಿ!"

ಕೂತಲ್ಲೇ ಎಲ್ಲರೂ ಫೋನಿನಲ್ಲಿ ದುಡ್ಡು ಕಳಿಸಿದರು. ಕೆಂಗಾ ಕೂಡ ಮುಖ ಊದಿಸಿಕೊಂಡು, "ತಗೋ ಭಾವ," ಎಂದು ಕಳಿಸಿದ.

ನ್ಯೇವು ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಜೆಫ್ವಾ ಒಳಗೆ ಹೋದಾಗ ಅವಳು ಒಲೆಗೆ ಬೆನ್ನು ಮಾಡಿ ಕೂತಿದ್ದಳು.

"ಇಡೀ ಪ್ರಪಂಚಕ್ಕೆ ಹೇಳೋ ಮೊದಲು ನನಗೊಂದು ಮಾತು ಹೇಳಬಾರದಿತ್ತಾ? ನಿನಗೆ ನಾನು ಬೇಡವಾದೆ ಅಂದ್ಕೊಂಡಿದ್ದೆ."

"ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೆ."

"ಕತ್ತೆ," ಎಂದು ಕಣ್ಣೊರೆಸಿಕೊಂಡಳು.

ಆಪರೇಷನ್ ಟೇಬಲ್ಲಿನ ಮೇಲೆ ಸೊಂಟದ ಕೆಳಗೆ ಮರಗಟ್ಟಿದ್ದರೂ ಜೆಫ್ವಾನ ಬಾಯಿ ಮರಗಟ್ಟಿರಲಿಲ್ಲ. ಎರಡು ಲೀಟರ್ ನೀರು ತೆಗೆದೆವು ಎಂದು ನರ್ಸ್ ಹೇಳಿದ್ದೇ ತಡ, "ದೂರ ಚೆಲ್ಲಮ್ಮ, ಕೆಂಗಾನ ಕೈಗೆ ಸಿಕ್ಕಿದ್ರೆ ಕಳ್ಳಿಗೆ ಬೆರೆಸ್ತಾನೆ," ಎಂದ. ಡಾಕ್ಟರ್ ಹೊಲಿಗೆ ನಿಲ್ಲಿಸಿ, ನಗು ಮುಗಿಯುವವರೆಗೆ ಕಾಯಬೇಕಾಯಿತು.

ನಾಲ್ಕನೆಯ ತಿಂಗಳು ಮತ್ತೆ ಮರಕ್ಕೆ ಕೈಯಿಟ್ಟ. ನೋಡಲು ಊರೇ ನೆರೆದಿತ್ತು. ಅರ್ಧ ಹತ್ತುವಷ್ಟರಲ್ಲಿ ತೊಡೆ ನಡುಗಿ, ಕಾಂಡವನ್ನು ತಬ್ಬಿಕೊಂಡು ನಿಂತುಬಿಟ್ಟ. ಕೆಳಗಿನಿಂದ ಥೋಯಾ, "ಎಡಗಡೇದು ಜೋಪಾನ, ನಮ್ಮ ದುಡ್ಡದು!" ಎಂದು ಕೂಗಿದ. ಜೆಫ್ವಾ ನಗು ತಡೆಯಲಾಗದೆ ಜಾರುತ್ತಾ ಕೆಳಗಿಳಿದ. ಏಳು ವರ್ಷ ಕೂತ ಕಾಲುಗಳನ್ನು ಯಾವ ಡಾಕ್ಟರೂ ಹೊಸದು ಮಾಡಿರಲಿಲ್ಲ.

ಈಗ ಎತ್ತರದ ಮರಗಳು ಕೆಂಗಾನವು, ಗಿಡ್ಡ ಆರು ಮರ ಜೆಫ್ವಾನವು. ಬೆಳಿಗ್ಗೆ ಅವನು ಹತ್ತುವಾಗ ನ್ಯೇವು ಬುಡದಲ್ಲಿ ನಿಂತು, ಅವನು ಇಳಿಯುವವರೆಗೂ ಬಾಯ್ತುಂಬ ಬೈಯುತ್ತಿರುತ್ತಾಳೆ.