ಫ್ಯಾಕ್ಟರಿ ಕೆಮ್ಮು

ಎಡ ಮುಂಗೈಯ ಮೇಲೆ ಹದಿನಾರು ಮಿಲಿಮೀಟರ್ ಅಗಲದ ಕೆಂಪು ಊತ. ಪಾರದರ್ಶಕ ಅಳತೆಪಟ್ಟಿಯನ್ನು ಅದರ ಮೇಲಿಟ್ಟು ನೋಡಿದ ಲಸಿಕೆಯವರು, "ನಿಮಗೆ ಇಂಜೆಕ್ಷನ್ ಬೇಡ," ಎಂದರು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಮನೆಮನೆಯವರನ್ನೂ ಕರೆದು ಕ್ಷಯಕ್ಕೆ ಬಿ.ಸಿ.ಜಿ. ಹಾಕುತ್ತಿದ್ದ ದಿನಗಳವು. ಮೊದಲು ಪರೀಕ್ಷೆಯ ಸೂಜಿ. ಮೂರು ದಿನ ಬಿಟ್ಟು ಊತ ಅಳೆದು, ಊದದವರಿಗೆ ಮಾತ್ರ ಲಸಿಕೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಅಣ್ಣನ ಮನೆಗೆ ಬಂದು ಏಳು ತಿಂಗಳಾಗಿತ್ತು.

"ಅದೃಷ್ಟ ನೋಡಿ ನಿಮ್ದು, ಒಂದು ಸೂಜಿ ತಪ್ತು," ಎಂದು ಪಕ್ಕದ ಮನೆಯಾಕೆ ನಕ್ಕಳು.

ನಾನು ನಗಲಿಲ್ಲ. ಊದಿದೆಯೆಂದರೆ ಕ್ರಿಮಿ ಆಗಲೇ ಒಳಹೊಕ್ಕಿದೆ. ರೋಗ ಬಂದಿದೆಯೆಂದಲ್ಲ, ಆದರೆ ಯಾರದೋ ಕೆಮ್ಮಿನ ಗಾಳಿಯನ್ನು ನಾನು ಉಸಿರಾಡಿದ್ದೇನೆ. ಯಾರದು? ಮೈಸೂರಿನ ಹಾಸ್ಟೆಲ್ಲಿನಲ್ಲೂ ಆಗಿರಬಹುದು. ಹಾಗೆಂದು ನಂಬಿಕೊಳ್ಳುವಷ್ಟರಲ್ಲಿ ಅತ್ತಿಗೆಯ ಕೈಯಲ್ಲೂ ಅಷ್ಟೇ ಊತ ಕಾಣಿಸಿತು.

ಅವರ ತೊಡೆಯ ಮೇಲಿದ್ದ ನಾಲ್ಕು ತಿಂಗಳ ಮಗುವಿನ ಕೈ ಊದಿರಲಿಲ್ಲ. ಅದಕ್ಕೆ ಲಸಿಕೆ ಹಾಕಿ ಲಸಿಕೆಯವರು ಅತ್ತಿಗೆಗೆ ಹೇಳಿದರು: "ಇದು ಹಿಡಿಯೋಕೆ ಒಂದೆರಡು ತಿಂಗಳು ಬೇಕಮ್ಮ. ಅಲ್ಲೀವರೆಗೆ ಕೆಮ್ಮೋರ ಹತ್ರ ಮಗೂನ ಬಿಡಬೇಡಿ."

ಅತ್ತಿಗೆ ತಲೆಯಾಡಿಸಿದರು. ನನ್ನ ಕಡೆ ನೋಡಲಿಲ್ಲ.

ಅಣ್ಣ ಪರೀಕ್ಷೆಗೂ ಅಳತೆಗೂ, ಎರಡು ದಿನವೂ ಬಂದಿರಲಿಲ್ಲ. ಪರೀಕ್ಷೆಯ ದಿನ ಬೇರೆಯವರ ಶಿಫ್ಟನ್ನು ತಾನೇ ಕೇಳಿ ಪಡೆದಿದ್ದನೆಂದು ಆಮೇಲೆ ತಿಳಿಯಿತು. ದೀಪಾವಳಿಯಿಂದ ಅವನ ಕೆಮ್ಮು ನಿಂತಿರಲಿಲ್ಲ. ಆದರೆ ನಮ್ಮ ಸಾಲಿನ ಎಲ್ಲ ಮನೆಗಳಲ್ಲೂ ಗಂಡಸರು ಕೆಮ್ಮುತ್ತಿದ್ದರು. ಅದಕ್ಕೆ ಫ್ಯಾಕ್ಟರಿ ಕೆಮ್ಮು ಎಂದೇ ಹೆಸರು. ಹೊಗೆಯಲ್ಲಿ ದುಡಿಯುವವರಿಗೆ ಸಹಜವೆಂದು ಯಾರೂ ಕಿವಿಗೊಡುತ್ತಿರಲಿಲ್ಲ.

ನಾಲ್ಕು ದಿನ ಅವನನ್ನು ಕದ್ದು ಗಮನಿಸಿದೆ. ಬೆಲ್ಟಿಗೆ ಹೊಸ ತೂತು ಮಾಡಿಕೊಂಡಿದ್ದ. ಕರವಸ್ತ್ರವನ್ನು ತಾನೇ ಒಗೆಯುತ್ತಿದ್ದ. ಅತ್ತಿಗೆಯನ್ನೂ ಗಮನಿಸಿದೆ. ಅವನ ಲೋಟ ಬೇರೆ ಗೂಡಿನಲ್ಲಿತ್ತು. ಮಗುವಿನ ಹಾಸಿಗೆ ಅಡಿಗೆಮನೆಗೆ ಹೋಗಿತ್ತು. ಕೇಳಿದರೆ, "ಆ ಕೋಣೇಲಿ ಇರುವೆ ಕಾಟ," ಎಂದರು. ಇರುವೆ ಇದ್ದದ್ದು ಅಡಿಗೆಮನೆಯಲ್ಲೇ.

ಐದನೆಯ ಸಂಜೆ ಅಣ್ಣ ಬಂದವನೇ ಮಗುವನ್ನು ಎತ್ತಿಕೊಂಡ. ಪಕ್ಕಕ್ಕೆ ತಿರುಗಿ ಕೆಮ್ಮಿದ.

"ಮಗೂನ ಕೊಡು. ಎಕ್ಸ್‌ರೇ ತೆಗೆಸ್ಕೋ ಅಣ್ಣ," ಎಂದೆ.

"ಫ್ಯಾಕ್ಟರಿ ಕೆಮ್ಮು ಮಾರಾಯ್ತಿ. ಬಿ.ಎಸ್ಸಿ. ಮಾಡಿದ ಕೂಡಲೆ ಡಾಕ್ಟ್ರಾಗಿಬಿಟ್ಯಾ?"

"ಹಾಗಾದ್ರೆ ಆ ಸೂಜಿ ತಪ್ಪಿಸ್ಕೊಂಡು ಯಾಕೆ ಓಡಿದೆ?"

ಅವನ ನಗು ನಿಂತಿತು. "ಅನ್‌ಫಿಟ್ ಅಂತ ಬರೆದ್ರೆ ಕೆಲಸಾನೂ ಹೋಯ್ತು, ಈ ಮನೇನೂ ಹೋಯ್ತು. ನಿಮ್ಮನ್ನೆಲ್ಲ ಎಲ್ಲಿಡ್ಲಿ?"

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಒಳಗೆ ಬಂದು ಅವನ ಕೈಯಿಂದ ಮಗುವನ್ನು ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಅತ್ತಿಗೆಯನ್ನೂ ಮಗುವನ್ನೂ ಶಿವಮೊಗ್ಗದ ತವರಿಗೆ ಮೊದಲ ಬಸ್ಸಿನಲ್ಲಿ ಕಳಿಸಿದೆ. ಮನೆಗೆ ಬಂದು ಅಣ್ಣನ ಸೈಕಲ್ಲಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಕಟ್ಟಿಕೊಂಡು, ನಡಿ ಎಂದೆ. ಆಸ್ಪತ್ರೆಯ ಎಕ್ಸ್‌ರೇ ಸಾಲಿನಲ್ಲಿ, ಅವನು ತಿರುಗಿ ಹೋಗದಂತೆ, ಬೆನ್ನ ಹಿಂದೆಯೇ ನಿಂತೆ.