ದೇವರ ಗೂಡಿನಲ್ಲಿಟ್ಟ ಪಂಪು

ಉಬ್ಬಸದವರಿಗೆ ದಿನಾ ಬೆಳಿಗ್ಗೆ ಮೆಸೇಜ್ ಕಳಿಸುವ ಅಭ್ಯಾಸ ನನಗೆ ಅಂಟಿಕೊಂಡದ್ದು ಸೇವಾಭಾವದಿಂದಲ್ಲ, ಪುಕ್ಕಲುತನದಿಂದ. ಚಳ್ಳಕೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪು. ಶೇಂಗಾ ಬಡಿಯುವ ಕಾಲಕ್ಕೆ ಧೂಳೆದ್ದರೆ ಮೊಳಕಾಲ್ಮೂರಿನ ತನಕ ನನ್ನ ಗಿರಾಕಿಗಳ ಎದೆಯಲ್ಲಿ ಸಿಳ್ಳೆ ಶುರುವಾಗುತ್ತದೆ. ಆರಾಮಿದ್ದ ದಿನವೂ ಇನ್‌ಹೇಲರ್ ಪಂಪ್ ಎಳೆಯಬೇಕು ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಮೆಸೇಜು: "ಇವತ್ತು ಪಂಪ್ ಎಳೆದಿರಾ?" ಕಳಿಸಿದ ಮೇಲೆ ನೀಲಿ ಟಿಕ್ ಬಿತ್ತೋ ಇಲ್ಲವೋ ಎಂದು ನೋಡುತ್ತ ಕೂರುತ್ತೇನೆ. "ಎಸ್ಸೆಸ್ಸೆಲ್ಸಿ ರಿಸಲ್ಟ್ ಕಾಯೋರ ಥರ ಆಡ್ತೀರ ಕಣ್ರಿ," ಎನ್ನುತ್ತಾಳೆ ಹೆಂಡತಿ.

ನನ್ನಿವಾಳದ ಕಡೆಯ ಹಟ್ಟಿಯ ಕುರಿಗಾರನೊಬ್ಬನ ಹೆಂಡತಿಗೂ ಉಬ್ಬಸ. ಫೋನ್ ಗಂಡನದು. ಅವನಷ್ಟು ಶಿಸ್ತಿನವನು ಬೇರೆ ಇಲ್ಲ. ಮೆಸೇಜ್ ಹೋದ ಗಳಿಗೆಯಲ್ಲೇ "ಹೇಳ್ದೆ ಸಾರ್" ಎಂಬ ಉತ್ತರ, ಜೊತೆಗೆ ಕೈ ಮುಗಿದ ಚಿತ್ರ. ಆದರೂ ತಿಂಗಳಿಗೊಮ್ಮೆ ಆಕೆ ಆಸ್ಪತ್ರೆಯಲ್ಲಿ ನೆಬುಲೈಜರ್ ಹಾಕಿಸಿಕೊಂಡು, ಚೀಟಿ ಹಿಡಿದು ನನ್ನ ಅಂಗಡಿಯ ಮೆಟ್ಟಿಲಲ್ಲಿ ಕೂತಿರುತ್ತಿದ್ದಳು. ಗಂಡ ಆಕೆಯಿಂದ ನಾಲ್ಕು ಮಾರು ದೂರ. ನಾಚಿಕೆಯಿರಬೇಕು ಅಂದುಕೊಂಡಿದ್ದೆ. ನಾನೇ ಹಳೇ ಸರಕು ಕೊಟ್ಟೆನೇನೋ ಎಂದು ಹೆದರಿ, ಒಂದು ಸಲ ಪಂಪನ್ನೂ ತರಲು ಹೇಳಿದೆ. ತಾರೀಖು ಸರಿಯಾಗಿಯೇ ಇತ್ತು.

"ದಿನಾ ಎಳೀತಾಳೇನಪ್ಪಾ?"

"ದಿನಾ ಸಾರ್. ಹೊರಗೆ ಕೂತಾಗ ಮಾತ್ರ ಇಲ್ಲ. ಆಗ ಊರಾಚೆ ಗುಡ್ಲಾಗಿರ್ತಾಳೆ."

ತಿಂಗಳ ಮುಟ್ಟಿನ ದಿನಗಳ ಮಾತು ಅದು.

"ಪಂಪು?"

"ಹುಡುಗ್ರು ಮುಟ್ಟಬಾರ್ದು ಅಂತ ದೇವ್ರ ಗೂಡ್ನಾಗೆ ಇಕ್ಕಿರ್ತೀವಲ್ರಿ. ಆಗ ಅವ್ಳು ಮುಟ್ಟಿದ್ರೆ ವಾಪಸ್ ಒಳಕ್ಕೆ ತರಂಗಿಲ್ಲ."

"ಮತ್ತೆ ಹೇಳ್ದೆ ಸಾರ್ ಅಂತ ಕಳಿಸ್ತೀಯಲ್ಲೋ!"

"ಹೇಳ್ತೀನಲ್ರಿ! ನಿಮ್ ಮೆಸೇಜ್ ಬಂದ ಕೂಡ್ಲೆ ಗುಡ್ಲು ತಾವ ಹೋಗಿ, ದೂರ ನಿಂತು, ಗಟ್ಟಿಯಾಗಿ ಓದ್ತೀನಿ."

ಮೈಯೆಲ್ಲ ಉರಿದುಹೋಯಿತು. ಅವನು ಸುಳ್ಳನಾಗಿದ್ದರೆ ಬೈಯುವುದಾದರೂ ಸುಲಭವಿತ್ತು. ನನ್ನ ಮಾತಿಗೆ ಮೈಲಿಗೆಯಿಲ್ಲ, ಔಷಧಿಗೆ ಇದೆ! ಉಸಿರು ಸಿಗದೆ ಗೋಡೆಗೊರಗಿ ಕೂತವಳಿಗೆ, ಪಂಪನ್ನು ದೇವರ ಹತ್ತಿರ ಬಿಟ್ಟು ಬಂದು, ಪಂಪ್ ಎಳೆದೆಯಾ ಎಂದು ಓದಿ ಹೇಳುವುದು. ಓದುವವನು ಅವನು, ಒಕ್ಕಣೆ ನನ್ನದು. ಬಾವಿಗೆ ಬಿದ್ದವಳಿಗೆ ಈಜು ಎಂದು ಚೀಟಿ ಎಸೆಯುತ್ತಿದ್ದೆ, ಅದೂ ದಿನಾ, ತಪ್ಪದೆ.

"ಉಸ್ರು ನಿಂತ್ರೆ ಯಾವ ದೇವ್ರು ಬಂದು ಊದ್ತಾನೋ ಲೇ?" ಎಂದು ಕೂಗಿಬಿಟ್ಟೆ. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದ್ದೆನೇ ಎಂಬ ಯೋಚನೆ ಆ ಸಿಟ್ಟಿನ ಮಧ್ಯೆಯೂ ಬಂತೆನ್ನಿ.

ಅವನು ತಲೆ ಕೆರೆದುಕೊಂಡ. "ಇನ್ನೊಂದು ಕೊಡ್ರಿ ಹಂಗಾರೆ. ಗುಡ್ಲಾಗೆ ಇಡಾನ."

ಆ ಗುಡಿಸಲಿಗೂ ನಾನೇ ಸರಕು ಪೂರೈಸಬೇಕೆ? ಸಿಟ್ಟು ಇಮ್ಮಡಿಯಾಯಿತು. ಆದರೂ ಕೈ ಕಪಾಟಿನ ಕಡೆ ಹೋಯಿತು. ಪ್ರಶ್ನೆ ಆಕೆಯ ಉಸಿರಿನದು.

ಅಷ್ಟರಲ್ಲಿ ಮೆಟ್ಟಿಲಲ್ಲಿದ್ದವಳು ಎದ್ದು ಬಂದಳು. "ಎರಡ್ಯಾಕೆ?" ಎಂದವಳೇ ಗಂಡನ ಕೈಯಲ್ಲಿದ್ದ ಪಂಪಿಗೆ ಕೈ ಹಾಕಿದಳು. ಆ ದಿನಗಳಲ್ಲೇ ಇದ್ದಳೇನೋ, ಅವನು ಹೌಹಾರಿ ಬಿಟ್ಟುಬಿಟ್ಟ. ಅದನ್ನು ಸೊಂಟದ ಎಲೆಯಡಿಕೆ ಚೀಲಕ್ಕೆ ಸೇರಿಸಿ, "ಇನ್ ಮ್ಯಾಲೆ ಇದು ನಾನಿದ್ದ ಕಡೆ ಇರ್ತೈತೆ," ಅಂದಳು.

"ದೇವ್ರ ಗೂಡ್ನಾಗೆ ಇಡಲ್ವೇನೇ?"

"ದೇವ್ರಿಗೇನು ಉಬ್ಬಸ ಐತಾ?"

ಮುಂದಿನ ತಿಂಗಳು "ಹೊರಗೆ ಕುಂತಾಳೆ ಸಾರ್" ಎಂಬ ಉತ್ತರ ಬಂದ ಕೂಡಲೇ ಫೋನ್ ಮಾಡಿ, ಅವಳ ಕೈಗೆ ಕೊಡು ಅಂದೆ. ಕೊಡಲಿಲ್ಲ. ಸ್ಪೀಕರ್ ಹಾಕಿ ದೂರದಿಂದಲೇ ಹಿಡಿದ. "ಎಳಕಂಡೆ ಸಾರ್," ಅಂದಳು. ದನಿಯಲ್ಲಿ ಸಿಳ್ಳೆ ಇರಲಿಲ್ಲ. ಇಷ್ಟಾಯಿತಲ್ಲ ಎಂದು ಸಮಾಧಾನಪಡಬೇಕಿತ್ತು. ಆದರೆ ಆಕೆ ಇನ್ನೂ ಆ ಗುಡಿಸಲಲ್ಲೇ ಇದ್ದಳು, ಅವನು ಇನ್ನೂ ದೂರವೇ ನಿಂತಿದ್ದ. "ಹತ್ರ ಹೋಗೋ ಲೇ! ಮನೆಗೆ ಕರ್ಕಂಡು ಹೋಗೋ!" ಎಂದು ನಾನು ಅರಚುತ್ತಿದ್ದರೆ, ಕೆಮ್ಮಿನ ಸಿರಪ್ಪಿಗೆ ಬಂದವರು ಕೆಮ್ಮುವುದನ್ನೇ ಮರೆತು ನನ್ನನ್ನು ನೋಡುತ್ತಿದ್ದರು.